ಇಪ್ಪತ್ತಮೂರನೇ ಶೆಲ್ಫಿನ ಸಿಂಹ

ಮಾರ್ಚ್ 4

ಪ್ರೀತಿಯ ಚಿಕ್ಕಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನಿಮ್ಮ ಸೊಂಟ ಹೇಗಿದೆ ಎಂದು ಅದನ್ನೇ ಕೇಳಿ ಬರೆಯಿರಿ; ನಿಮ್ಮನ್ನು ಕೇಳಿದರೆ "ನನಗೇನಾಗಿದೆ" ಎನ್ನುತ್ತೀರಿ. ಅಲ್ಲಿ ಅತ್ತೆಯ ಮನೆಯಲ್ಲಿ ಅವರು ಹೇಳಿದಂತೆ ಕೇಳಿಕೊಂಡಿದ್ದೀರಿ ತಾನೆ?

ನಿಮ್ಮ ಮನೆಗೆ ಬಂದು ನಾಲ್ಕು ದಿನವಾಯಿತು. ಬೀಗ ತೆಗೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಎದುರು ಅಂಗಡಿಯ ಟೈಲರ್ ಬಾಯಲ್ಲಿ ದಾರ ಕಚ್ಚಿಕೊಂಡೇ ಬಂದು, "ಬಾಗ್ಲನ್ನ ಸ್ವಲ್ಪ ಎತ್ತಿ ತಿರುಗಿಸ್ಬೇಕಮ್ಮ, ಡಾಕ್ಟ್ರು ಹಾಗೇ ಮಾಡೋದು" ಎಂದು ತೆಗೆದುಕೊಟ್ಟರು. ಒಳಗೆ ಹೋದವಳು ಹಾಗೇ ನಿಂತುಬಿಟ್ಟೆ. ಚಿಕ್ಕವಳಿದ್ದಾಗ ನೋಡಿದ್ದಕ್ಕಿಂತ ನಾಲ್ಕು ಪಟ್ಟು ಬೆಳೆದಿದೆಯಲ್ಲ! ಹಲ್ಲು ಕೀಳುವ ಕುರ್ಚಿಯ ಮೇಲೆ ಕಂಚಿನ ನಗಾರಿ ಒರಗಿಕೊಂಡಿದೆ, ತನ್ನ ಸರದಿಗೆ ಕಾಯುವವರ ಹಾಗೆ. ಇಕ್ಕಳದ ಡ್ರಾಯರಿನಲ್ಲಿ ಬೀಗದ ಕೈಗಳು. ಯಾರದೋ ಹಲ್ಲಿನ ಪ್ಲಾಸ್ಟರ್ ಅಚ್ಚುಗಳ ಪಕ್ಕದಲ್ಲಿ ಸಾವಿರ ವರ್ಷದ ಮಣ್ಣಿನ ದೀಪಗಳು. ಗೋಡೆಯ ಮೇಲೆ "ದಯವಿಟ್ಟು ಚಪ್ಪಲಿ ಹೊರಗೆ ಬಿಡಿ" ಎಂಬ ಬೋರ್ಡು, ಅದರ ಕೆಳಗೆ ಯಾವನೋ ಸೈನಿಕನ ಕಬ್ಬಿಣದ ಬೂಟು!

ನಿಮ್ಮ ಕಾರ್ಡುಗಳನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಪುಸ್ತಕಗಳಿಗೆ ಕಾರ್ಡು ಬರೆಯುತ್ತಿರುವವಳು ನಾನು, ಆದರೆ ಹಳೆಯ ಸಾಮಾನಿಗೆ ರೋಗಿಯ ಕಾರ್ಡು ಬರೆದವರನ್ನು ಇವತ್ತಿನವರೆಗೆ ಕಂಡಿರಲಿಲ್ಲ. "ರೋಗಿ: ಕಂಚಿನ ಕನ್ನಡಿ. ವಯಸ್ಸು: ಸುಮಾರು ಆರುನೂರು. ದೂರು: ಮುಖ ಮಂಕು. ಚಿಕಿತ್ಸೆ: ಮೆತ್ತನೆ ಬ್ರಶ್ಶಿನಿಂದ ಹನ್ನೊಂದು ದಿನ. ಸಲಹೆ: ಒದ್ದೆ ಕೈಯಿಂದ ಮುಟ್ಟಬಾರದು."

ಈಗ ಗಾಬರಿಯ ವಿಷಯ. ನಿಮ್ಮ ಶೆಲ್ಫುಗಳ ನಂಬರು ಹನ್ನೊಂದರಿಂದ ಶುರುವಾಗಿ ನಲವತ್ತೆಂಟಕ್ಕೆ ಮುಗಿಯುತ್ತದೆ. ಎಣಿಸಿದರೆ ಇರುವುದು ಮೂವತ್ತೆರಡೇ. ಒಂದರಿಂದ ಹತ್ತು ಇಲ್ಲ. ಹತ್ತೊಂಬತ್ತು, ಇಪ್ಪತ್ತು ಇಲ್ಲ. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂಬತ್ತು, ನಲವತ್ತೂ ಇಲ್ಲ. ಒಟ್ಟು ಹದಿನಾರು ಶೆಲ್ಫು ಮಂಗಮಾಯ! ಕಳ್ಳತನವಾಗಿದೆಯೋ, ಎಲ್ಲಾದರೂ ಗುಪ್ತ ಕೋಣೆ ಇದೆಯೋ? ನಿನ್ನೆ ಇಡೀ ಮಧ್ಯಾಹ್ನ ಗೋಡೆಗಳನ್ನು ತಟ್ಟಿ ತಟ್ಟಿ ನೋಡಿದೆ. ಟೈಲರ್ ಕೂಡ ತಮ್ಮ ಮರದ ಅಳತೆಪಟ್ಟಿ ತಂದು ಒಂದಷ್ಟು ತಟ್ಟಿದರು. ಬೇಗ ಉತ್ತರ ಬರೆಯಿರಿ. ಮೇ ಕೊನೆಗೆ ಮನೆಯ ಮಾಲೀಕರು ಇದನ್ನು ಕೆಡವುತ್ತಾರೆ. ಅಷ್ಟರೊಳಗೆ ಪಟ್ಟಿ ಮುಗಿಸಿ ಇವುಗಳಿಗೊಂದು ನೆಲೆ ಹುಡುಕದಿದ್ದರೆ ನಾನು ಎರಡು ತಿಂಗಳು ರಜೆ ಹಾಕಿ ಬಂದಿದ್ದು ದಂಡ.

ನಿಮ್ಮ
ಇಲಿಮರಿ


ಮಾರ್ಚ್ 8

ಇಲಿಮರಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ನಗುವಾಗ ಸೊಂಟ ಹಿಡಿದುಕೊಂಡಿತು. "ಡಾಕ್ಟ್ರು ಅಲ್ಲಾಡ್ಬೇಡಿ ಅಂದಿದಾರೆ, ನೀನು ಕುಣೀತಿದೀಯಲ್ಲೋ" ಎಂದು ಅಕ್ಕ ಬೈದಳು. ಎಂಬತ್ತೊಂದು ವರ್ಷದ ಅವಳು ಎಪ್ಪತ್ತಾರರ ನನ್ನನ್ನು ದಿನಕ್ಕೆರಡು ಸಲ ಸಮುದ್ರದ ದಂಡೆಯಲ್ಲಿ ನಡೆಸುತ್ತಾಳೆ. ನಾನು ನಿಂತರೆ ಊರುಗೋಲಿನಿಂದ ತಿವಿಯುತ್ತಾಳೆ. ನನ್ನ ಊರುಗೋಲಿನಿಂದಲೇ.

ಮಗಳೇ, ಏನೂ ಕಳುವಾಗಿಲ್ಲ. ಗೋಡೆಯನ್ನು ಸುಮ್ಮನೆ ಬಿಡು. ಮನುಷ್ಯನಿಗೆ ಎಷ್ಟು ಹಲ್ಲು? ಮೂವತ್ತೆರಡು. ನಾವು ಹಲ್ಲಿನ ಡಾಕ್ಟರುಗಳು ಅವನ್ನು ಎಣಿಸುವುದೇ ಹೀಗೆ. ಬಾಯನ್ನು ನಾಲ್ಕು ಪಾಲು ಮಾಡುತ್ತೇವೆ, ಒಂದೊಂದು ಪಾಲಿಗೆ ಎಂಟು ಹಲ್ಲು. ಮೇಲಿನ ಬಲ ಒಂದನೇ ಪಾಲು, ಅದರ ಹಲ್ಲುಗಳು ಹನ್ನೊಂದರಿಂದ ಹದಿನೆಂಟು. ಮೇಲಿನ ಎಡ ಇಪ್ಪತ್ತೊಂದರಿಂದ ಇಪ್ಪತ್ತೆಂಟು. ಹಾಗೇ ಕೆಳಗೆ. ಹತ್ತೊಂಬತ್ತನೇ ನಂಬರಿನ ಹಲ್ಲು ಭೂಮಿಯ ಮೇಲೆ ಯಾರಿಗೂ ಇಲ್ಲ. ನೀನು ಬಾಗಿಲಲ್ಲಿ ನಿಂತು ಆ ದೊಡ್ಡ ಕೋಣೆಯನ್ನು ನೋಡು: ತೆರೆದ ಬಾಯೊಳಗೆ ನೋಡುತ್ತಿದ್ದೀಯ ಎಂದುಕೋ. ಎಲ್ಲಾ ತಾನೇ ಅರ್ಥವಾಗುತ್ತದೆ. ನಲವತ್ತು ವರ್ಷದ ಅಭ್ಯಾಸ, ಬೇರೆ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ. ನಾನು ಏಣಿಯಿಂದ ಬಿದ್ದದ್ದು ಇಪ್ಪತ್ತೆಂಟರಿಂದ. ಅದು ಅಕ್ಕಲ್ ಹಲ್ಲಿನ, ಎಂದರೆ ಬುದ್ಧಿಹಲ್ಲಿನ, ಜಾಗ. ಅಕ್ಕಲ್ ಇದ್ದವರು ಈ ವಯಸ್ಸಿನಲ್ಲಿ ಅಲ್ಲಿಗೆ ಹತ್ತುವುದಿಲ್ಲ ಎನ್ನುತ್ತಾಳೆ ನಿನ್ನ ಅತ್ತೆ.

ಎಲ್ಲವನ್ನೂ ಪಟ್ಟಿಗೆ ಸೇರಿಸು. ಇಪ್ಪತ್ತಮೂರರಲ್ಲಿರುವ ಮರದ ಸಿಂಹದ ತಲೆ ಒಂದು ಬೇಡ. ಅಂಥ ದೊಡ್ಡ ವಸ್ತುವೇನಲ್ಲ. ಅದರ ಮೇಲೊಂದು ಬಟ್ಟೆ ಹೊದಿಸಿಡು.

ಚಿಕ್ಕಪ್ಪ


ಮಾರ್ಚ್ 17

ಪ್ರೀತಿಯ ಚಿಕ್ಕಪ್ಪನಿಗೆ,

ಕುಳಿತಿದ್ದರೆ ಎದ್ದು ನಿಲ್ಲಬೇಡಿ, ನಿಂತಿದ್ದರೆ ಕುಳಿತುಕೊಳ್ಳಿ. ಸಂತೋಷದ ಸುದ್ದಿ.

ಮ್ಯೂಸಿಯಮ್ಮಿನಿಂದ ಒಬ್ಬರು ಮೇಡಂ ಬಂದಿದ್ದರು. ಹಳೆಯ ವಸ್ತುಗಳನ್ನು ಪರೀಕ್ಷಿಸಿ ಕಾಪಾಡುವುದು ಅವರ ಕೆಲಸ. ಕೊರಳಲ್ಲಿ ಭೂತಗನ್ನಡಿ, ಕೈಯಲ್ಲಿ ಸಣ್ಣ ಟಾರ್ಚು, ನಗುವಿಲ್ಲದ ಮುಖ. ಬೆಳಗ್ಗೆ ಹತ್ತಕ್ಕೆ ಬಂದವರು ಸಂಜೆ ಆರಾದರೂ ಹೊರಡಲಿಲ್ಲ. ಊಟಕ್ಕೆ ಕರೆದರೆ ಕಿವಿಗೇ ಬೀಳಲಿಲ್ಲ. ನೀಲಿ ಹೆಂಚುಗಳನ್ನು ನೋಡಿ "ಹೂಂ" ಎಂದರು. ಕೀಲುಕೈಯ ಗೊಂಬೆಯನ್ನು ನೋಡಿ "ಹೂಂ ಹೂಂ" ಎಂದರು. ಸಾರಂಗಿಯಂಥ ಆ ಮುರುಕು ವಾದ್ಯದ ಬಿರುಕಿಗೆ ನೀವು ಹಲ್ಲಿನ ಸಿಮೆಂಟು ತುಂಬಿದ್ದೀರಲ್ಲ, ಅದನ್ನು ಕಂಡು ಮಾತ್ರ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತರು. ಆದರೆ ಕಾರ್ಡಿನಲ್ಲಿ ನೀವು ಯಾವ ಸಿಮೆಂಟು, ಎಷ್ಟು, ಯಾವ ದಿನ ಎಂದೆಲ್ಲ ಬರೆದದ್ದನ್ನು ಓದಿ, "ತಪ್ಪು ಮಾಡಿದ್ರೂ ಮುಚ್ಚಿಟ್ಟಿಲ್ಲವಲ್ಲ, ದೊಡ್ಡ ಮನುಷ್ಯರು" ಎಂದರು.

ಇನ್ನು ನಾನು ಮಾಡಿದ ತಪ್ಪು. ಸಿಂಹದ ಮೇಲಿನ ಬಟ್ಟೆಯನ್ನು ಧೂಳು ಹೊಡೆಯುವುದಕ್ಕೆಂದು ತೆಗೆದಿದ್ದೆ, ಮರಳಿ ಹೊದಿಸಲು ಮರೆತೆ. ಅವರು ಅದರ ಮುಂದೆ ನಿಂತವರು ನಿಂತೇ ಇದ್ದರು. ಹಿಂದಿನ ಕಾಲದ ಹಡಗಿನ ಮೂತಿಗೆ ಕೂರಿಸುತ್ತಿದ್ದ ತಲೆಯಂತೆ, ಇನ್ನೂರೈವತ್ತು ವರ್ಷವಾದರೂ ಆಗಿದೆಯಂತೆ. "ಇಂಥ ಸಿಂಹಗಳೆಲ್ಲ ಹಲ್ಲು ಕಿರಿದು ಹೆದರಿಸ್ತವೆ. ಇದು ನಗ್ತಾ ಇದೆ! ಮೇಲಿನ ಎಡ ಕೋರೆಹಲ್ಲು ನೋಡಿ, ಒಂಚೂರು ಒಳಕ್ಕೆ ತಿರುಗಿದೆ. ಆ ಬಡಗಿ ಬೇಕಂತಲೇ ಮಾಡಿದಾನೆ" ಎಂದು ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದುಕೊಂಡರು. ಬಡಗಿ ತನ್ನ ಮನೆಯವರ ಯಾರದೋ ನಗುವನ್ನು ಸಮುದ್ರಕ್ಕೆ ಕಳಿಸಿರಬೇಕು ಎಂದು ಅವರ ಊಹೆ. ನನಗೂ ಆ ನಗು ಎಲ್ಲೋ ನೋಡಿದ ಹಾಗಿದೆ, ಎಲ್ಲಿ ಎಂದು ನೆನಪಾಗುತ್ತಿಲ್ಲ.

ಚಿಕ್ಕಪ್ಪ, ಸಿಂಹ ಸೇರಿದರೆ ಇಡೀ ಸಂಗ್ರಹವನ್ನು ಒಟ್ಟಿಗೆ ತೆಗೆದುಕೊಳ್ಳುವಂತೆ ಸಮಿತಿಗೆ ಹೇಳುತ್ತಾರಂತೆ. ಇಲ್ಲದಿದ್ದರೆ ಹತ್ತೋ ಹನ್ನೆರಡೋ ವಸ್ತು ಆರಿಸಿಕೊಂಡು ಹೋಗುತ್ತಾರೆ. ಮುನ್ನೂರ ಆರು ವಸ್ತುಗಳು ಒಂದೇ ಸೂರಿನ ಕೆಳಗೆ! ನಾನು ಹಿಂದೆ ಮುಂದೆ ನೋಡದೆ ಒಪ್ಪಿಬಿಟ್ಟೆ. ಸಿಂಹದ ಕಾರ್ಡು ಮಾತ್ರ ಎಲ್ಲೂ ಸಿಗಲಿಲ್ಲ. ಸದ್ಯಕ್ಕೆ ನಾನೇ ಒಂದು ಬರೆದಿಟ್ಟಿದ್ದೇನೆ: "ದೂರು: ಏನೂ ಇಲ್ಲ."

ನಿಮ್ಮ
ಇಲಿಮರಿ


ಮಾರ್ಚ್ 21

ಸಿಂಹ ಕೊಡುವುದಿಲ್ಲ. ಬೇಡ ಎಂದ ಮೇಲೆ ಬೇಡ. ಹತ್ತು ವಸ್ತು ಒಯ್ಯುವುದಿದ್ದರೆ ಒಯ್ಯಲಿ, ಉಳಿದದ್ದು ಎಲ್ಲಿಗೆ ಬೇಕಾದರೂ ಹೋಗಲಿ. ಸಿಂಹವನ್ನು ಹತ್ತಿಯಲ್ಲಿ ಸುತ್ತಿ ಅಕ್ಕನ ಮನೆಗೆ ಕಳಿಸು.

ಚಿಕ್ಕಪ್ಪ


ಏಪ್ರಿಲ್ 1

ಚಿಕ್ಕಪ್ಪನವರಿಗೆ,

ಹತ್ತು ದಿನ ಏನೂ ಬರೆಯಲಿಲ್ಲ. ಬೇಸರವಾಗಿತ್ತು, ಅದಕ್ಕೆ. ಈಗಲೂ ಆಗಿದೆ.

ಕೂಡಿಟ್ಟವರಿಗೆ ಕೊಡುವುದು ಕಷ್ಟ ಎಂದು ನನಗೆ ಗೊತ್ತು. ಲೈಬ್ರರಿಯಲ್ಲಿ ಪುಸ್ತಕ ತಿರುಗಿ ಕೊಡದೆ ತಲೆದಿಂಬಿನ ಕೆಳಗೆ ಇಟ್ಟುಕೊಂಡವರನ್ನು ದಿನಾ ನೋಡುತ್ತೇನೆ. ಆದರೆ ನೀವು ಹಾಗಲ್ಲ ಎಂದುಕೊಂಡಿದ್ದೆ. ಒಂದು ಸಿಂಹಕ್ಕಾಗಿ ಮುನ್ನೂರ ಐದನ್ನು ಚೆಲ್ಲಾಪಿಲ್ಲಿ ಮಾಡಲು ಮನಸ್ಸು ಹೇಗೆ ಬಂತು? ದೀಪಗಳು ಒಂದು ಕಡೆ, ಗೊಂಬೆ ಇನ್ನೊಂದು ಕಡೆ, ನಗಾರಿ ಯಾರದೋ ಹೋಟೆಲಿನ ಬಾಗಿಲಲ್ಲಿ. ಸಮಿತಿ ಸೇರುವುದು ಈ ತಿಂಗಳ ಇಪ್ಪತ್ತಕ್ಕೆ. ಅದಕ್ಕೆ ಮೊದಲು ಸಿಂಹದ ಎಕ್ಸ್-ರೇ ತೆಗೆಯಬೇಕಂತೆ. ಮೊದಲು ಒಪ್ಪಿದ್ದೆನಲ್ಲ, ಈಗ ಮೇಡಮ್ಮಿಗೆ ಹೌದು ಎಂದೂ ಹೇಳುತ್ತಿಲ್ಲ, ಇಲ್ಲ ಎಂದೂ ಹೇಳುತ್ತಿಲ್ಲ. ಫೋನ್ ಬಂದರೆ ಟೈಲರ್ ಕೈಗೆ ಕೊಡುತ್ತೇನೆ. "ಅಮ್ಮಾವ್ರು ಸ್ನಾನಕ್ಕೆ ಹೋಗಿದಾರೆ" ಎಂದು ಅವರು ಮೂರು ಸಲ ಹೇಳಿಯಾಯಿತು. ಒಂದೇ ದಿನದಲ್ಲಿ.

ನಿನ್ನೆ ನೆಲ ಒರೆಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಇಪ್ಪತ್ತಮೂರರ ಮುಂದೆ ನೆಲ ಸವೆದಿದೆ. ಕುರ್ಚಿಯ ನಾಲ್ಕು ಕಾಲಿನ ಗುರುತು, ಅದರ ಮುಂದೆ ಎರಡು ಹಿಮ್ಮಡಿಯ ಗುರುತು. ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಕಾಫಿ ಲೋಟದ ದುಂಡನೆಯ ಕಲೆ, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು. ಬೇರೆ ಯಾವ ಶೆಲ್ಫಿನ ಮುಂದೆಯೂ ಹೀಗಿಲ್ಲ.

ಅಲ್ಲಿ ದಿನಾ ಕುಳಿತು ಏನು ನೋಡುತ್ತಿದ್ದಿರಿ ಚಿಕ್ಕಪ್ಪ?

ಇಲಿಮರಿ


ಏಪ್ರಿಲ್ 6

ಮುದ್ದು ಇಲಿಮರಿಗೆ,

ಎಕ್ಸ್-ರೇಗೆ ಹೆದರಿ ಬರೆಯುತ್ತಿಲ್ಲ. ನಿನ್ನ ಕೊನೆಯ ಸಾಲಿಗೆ ಉತ್ತರ ಬರೆಯುತ್ತಿದ್ದೇನೆ.

ಸಿಂಹದ ಕಾರ್ಡು ಕಳೆದಿರಲಿಲ್ಲ. ಆಸ್ಪತ್ರೆಗೆ ಹೋಗುವಾಗ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೆ. ಈ ಪತ್ರದ ಜೊತೆಗಿದೆ, ಓದು. "ರೋಗಿ: ಮರದ ಸಿಂಹ. ದೂರು: ಇಪ್ಪತ್ತಮೂರನೇ ಹಲ್ಲು ಇಲ್ಲ. ಚಿಕಿತ್ಸೆ: ನಾನು ಮಾಡಿದ್ದಲ್ಲ." ಇಪ್ಪತ್ತಮೂರು ಎಂದರೆ ಮೇಲಿನ ಎಡ ಕೋರೆಹಲ್ಲು. ಅದನ್ನು ಮಾಡಿದ್ದು ನಿನ್ನ ಚಿಕ್ಕಮ್ಮ.

ನಿನಗೆ ಗೊತ್ತಲ್ಲ, ಮುಂದಿನ ಕೋಣೆಯಲ್ಲಿ ನಾನು ಹಲ್ಲು ಕೀಳುತ್ತಿದ್ದೆ, ಹಿಂದಿನ ಕೋಣೆಯಲ್ಲಿ ಅವಳು ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ನಾನು ಕಿತ್ತದ್ದನ್ನೆಲ್ಲ ಅವಳು ಕಟ್ಟಿಕೊಡುತ್ತಿದ್ದಳು. ಜನ ಹೊಗಳುತ್ತಿದ್ದದ್ದು ನನ್ನನ್ನು. ಮದುವೆಯಾಗಿ ಎಂಟು ವರ್ಷವಾಗಿತ್ತು. ಅವಳ ತಮ್ಮನ ಮದುವೆಗೆ ಅವಳು ಮೊದಲೇ ಹೋಗಿದ್ದಳು, ನಾನು ಹಿಂದಿನ ದಿನ ರೈಲು ಹತ್ತಿದೆ. ದಾರಿಯಲ್ಲಿ ಯಾರೋ ಒಬ್ಬರು ಮುಂದಿನ ಸ್ಟೇಷನ್ನಿನ ಹತ್ತಿರ ಗುಜರಿ ಅಂಗಡಿಯಲ್ಲಿ ಹಡಗಿನ ಸಿಂಹ ಇದೆ ಎಂದರು. ಇಳಿದೆ. ನೋಡಿ ಬಂದುಬಿಡೋಣ ಎಂದುಕೊಂಡೆ. ಮದುವೆಯ ಮನೆಗೆ ನಾನು ಮರುದಿನ ಸಂಜೆ, ಎಲ್ಲರೂ ಕೈ ತೊಳೆದು ಚಾಪೆ ಸುತ್ತುವಾಗ, ಕಂಕುಳಲ್ಲಿ ಸಿಂಹ ಇಟ್ಟುಕೊಂಡು ಹೋದೆ.

ಒಂಬತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ರೋಗಿಗಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು: "ನಿಮ್ ಡಾಕ್ಟ್ರಿಗೆ ಅಳತೆ ಸರಿಯಾಗಿ ತಗೊಳಕ್ಕೆ ಹೇಳಿ." ಹತ್ತನೇ ದಿನ ಬೆಳಗ್ಗೆ ಕಾಫಿ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದರೆ ಸಿಂಹ ನನ್ನನ್ನು ನೋಡಿ ನಗುತ್ತಿದೆ! ಅವಳ ಎಡ ಕೋರೆಹಲ್ಲು ಒಂಚೂರು ಒಳಕ್ಕೆ ತಿರುಗಿತ್ತು, ನೆನಪಿದೆಯೇ? ತನ್ನ ಹಲ್ಲಿನ ಅಚ್ಚು ತೆಗೆದು, ಅದನ್ನೇ ನೋಡಿಕೊಂಡು ಸೆಟ್ಟು ಮಾಡುವ ಪ್ಲಾಸ್ಟಿಕ್ಕಿನಲ್ಲಿ ದೊಡ್ಡದಾಗಿ ಮಾಡಿ, ಮೂಳೆಯ ಬಣ್ಣ ಬರಲೆಂದು ಚಹಾದಲ್ಲಿ ಮೂರು ದಿನ ನೆನೆಸಿ ಕೂರಿಸಿದ್ದಳು. ಬಾಗಿಲಲ್ಲಿ ನಿಂತು ಹೇಳಿದಳು: "ಇನ್ಮೇಲೆ ನಾನು ಮಾತಾಡ್ದೇ ಇದ್ದಾಗ ಇದರ ಮುಖ ನೋಡ್ಕೊಂಡಿರಿ."

ಅವಳು ಮಾತಾಡದೆ ಈಗ ಆರು ವರ್ಷವಾಯಿತು. ನಾನು ಅವಳು ಹೇಳಿದಂತೆಯೇ ಮಾಡುತ್ತಿದ್ದೆ, ಅಷ್ಟೆ.

ಮ್ಯೂಸಿಯಮ್ಮಿನವರ ರೀತಿ ನನಗೆ ಗೊತ್ತು. ಈಚಿನವರು ಸೇರಿಸಿದ್ದನ್ನು ತೆಗೆದು ಮೊದಲಿದ್ದ ಹಾಗೆ ಮಾಡುತ್ತಾರೆ. ಸಾವಿರಾರು ಹಲ್ಲು ಕಿತ್ತು ರಾತ್ರಿ ಹಾಯಾಗಿ ಮಲಗಿದವನು ನಾನು. ಈ ಒಂದನ್ನು ಯಾರಾದರೂ ಕೀಳುತ್ತಾರೆ ಎಂದುಕೊಂಡರೆ ನಿದ್ದೆ ಬರುವುದಿಲ್ಲ.

ಆದರೂ ನಿನ್ನ ಪತ್ರ ಓದಿದ ಮೇಲೆ ಯೋಚಿಸಿದೆ. ಒಂದು ಹಲ್ಲು ಉಳಿಸಲು ಇಡೀ ಬಾಯಿ ಕೆಡಿಸುವ ಡಾಕ್ಟರ್ ಎಂಥ ಡಾಕ್ಟರ್? ಆ ದೀಪ, ಗೊಂಬೆ, ಕನ್ನಡಿ ಎಲ್ಲವನ್ನೂ ಅವಳೂ ಒರೆಸಿದ್ದಾಳೆ. ಮೇಡಮ್ಮಿಗೆ ಕಾರ್ಡು ತೋರಿಸು, ಇದ್ದದ್ದು ಇದ್ದ ಹಾಗೆ ಹೇಳು. ಸಿಂಹ ಕೊಡು. ಹಲ್ಲು ತೆಗೆಯುವುದೇ ಆದರೆ ಅದನ್ನು ನನಗೆ ಕಳಿಸಿಕೊಡಲಿ ಎಂದು ಕೇಳು. ಅಷ್ಟು ಸಾಕು.

ಚಿಕ್ಕಪ್ಪ


ಏಪ್ರಿಲ್ 24

ನನ್ನ ಚಿಕ್ಕಪ್ಪನಿಗೆ,

ಮೊದಲು ಕ್ಷಮೆ. ತಲೆದಿಂಬಿನ ಮಾತು ಬರೆದದ್ದಕ್ಕೆ ನನ್ನ ತಲೆಗೇ ಎರಡು ಮೊಟಕಬೇಕು. ನಿಮ್ಮ ಪತ್ರ ಓದಿ ಅತ್ತುಬಿಟ್ಟೆ. ಆಮೇಲೆ ಎದ್ದು ನಿಮ್ಮಿಬ್ಬರ ಹಳೆಯ ಫೋಟೋ ಹುಡುಕಿ ಸಿಂಹದ ಪಕ್ಕ ಇಟ್ಟು ನೋಡಿದೆ. ಅದೇ ನಗು! ಚಿಕ್ಕವಳಿದ್ದಾಗ ಜಾರಿ ಬಿದ್ದು ನನ್ನ ಮುಂದಿನ ಹಲ್ಲು ಮುರಿದಾಗ ಕನ್ನಡಿ ಹಿಡಿದು ನಗಿಸಿದ್ದು ಅದೇ ನಗು. ಇಷ್ಟು ದಿನ ಚಿಕ್ಕಮ್ಮನ ಮುಂದೆಯೇ ನೆಲ ಒರೆಸಿಕೊಂಡು ಓಡಾಡಿದ್ದೇನೆ.

ಮೇಡಮ್ಮಿಗೆ ನೀವು ಬರೆದದ್ದನ್ನೆಲ್ಲ ಹೇಳಿ ಕಾರ್ಡು ಕೊಟ್ಟೆ. ಓದಿದರು. ಇನ್ನೊಂದು ಸಲ ಓದಿದರು. ಭೂತಗನ್ನಡಿ ಹಿಡಿದು ಹಲ್ಲಿನ ಹತ್ತಿರ ಮೂಗು ತಾಗುವಷ್ಟು ಬಗ್ಗಿದರು. "ಚಹಾನಾ?" ಎಂದರು. "ಚಹಾ" ಎಂದೆ. ಹೋಗಿ ನಿಮ್ಮ ಕುರ್ಚಿಯಲ್ಲಿ ನಗಾರಿಯ ಪಕ್ಕ ಕುಸಿದು ಕುಳಿತು ನಗಲು ಶುರು ಮಾಡಿದರು ನೋಡಿ, ನಿಲ್ಲಿಸುವುದಕ್ಕೆ ಟೈಲರ್ ನೀರು ತರಬೇಕಾಯಿತು. "ಮೂವತ್ತು ವರ್ಷ ಸರ್ವಿಸ್ ನಂದು. ನಿಮ್ ಚಿಕ್ಕಮ್ಮ ಒಂದು ಲೋಟ ಚಹಾದಲ್ಲಿ ಮುಳುಗಿಸ್ಬಿಟ್ರಲ್ಲ!" ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದರು: "ಆದ್ರೂ ನಾನು ಬರೆದಿದ್ದು ಸುಳ್ಳಾಗ್ಲಿಲ್ಲ. ಮನೆಯವರ ನಗುವೇ ಅದು."

ಎಕ್ಸ್-ರೇ ಆಯಿತು. ಫಿಲ್ಮನ್ನು ನಿಮ್ಮ ಗೋಡೆಯ ಲೈಟಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದೆವು. ಚಿಕ್ಕಪ್ಪ, ಸಿಂಹಕ್ಕೆ ಒಂಬತ್ತು ಹಲ್ಲಲ್ಲವೇ? ಮೊದಲಿನ ಬಡಗಿ ಮಾಡಿದ್ದು ಆರೇ! ಒಂದನ್ನು ಯಾರೋ ಕಬ್ಬಿಣದ ಮೊಳೆ ಹೊಡೆದು ಕೂರಿಸಿದ್ದಾರೆ, ಹಡಗಿನಲ್ಲೇ ಆತುರದಲ್ಲಿ ಮಾಡಿದ ಹಾಗಿದೆ. ಇನ್ನೊಂದನ್ನು ಬೇರೆ ಯಾರೋ ಬೇರೆ ಕಾಲದಲ್ಲಿ ಮರದ ಬೆಣೆ ಇಟ್ಟು ಕೂರಿಸಿದ್ದಾರೆ. ನಿಮ್ಮ ಕೈಗೆ ಸಿಗುವ ಮೊದಲೇ ಅದು ಎರಡು ಸಲ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದಿದೆ.

ಸಮಿತಿಯಲ್ಲಿ ಒಬ್ಬರು ಹಿರಿಯರು ಹಠ ಹಿಡಿದರಂತೆ, ಪ್ಲಾಸ್ಟಿಕ್ ಹಲ್ಲು ತೆಗೆಯಲೇಬೇಕು ಎಂದು. ಮೇಡಂ ಫಿಲ್ಮು ಮುಂದಿಟ್ಟು ಕೇಳಿದರಂತೆ: "ಮೊಳೆ ಹೊಡೆದವನದ್ದು ಇರಲಿ, ಬೆಣೆ ಇಟ್ಟವನದ್ದು ಇರಲಿ, ಚೆಂದ ಮಾಡಿದವಳದ್ದು ಮಾತ್ರ ಕೀಳ್ಬೇಕಾ? ಮೊದಲಿನವರು ಏನೂ ಬರೆದಿಡ್ಲಿಲ್ಲ. ಇವರ ಕೆಲಸಕ್ಕೆ ಕಾರ್ಡೂ ಇದೆ." ಆ ಹಿರಿಯರು ತಮ್ಮ ಕಟ್ಟಿಸಿಕೊಂಡ ಹಲ್ಲನ್ನು ನಾಲಿಗೆಯಲ್ಲೇ ಒಮ್ಮೆ ಸರಿಮಾಡಿಕೊಂಡು ಒಪ್ಪಿಗೆಗೆ ಸಹಿ ಹಾಕಿದರಂತೆ.

ಹಲ್ಲು ಇರುತ್ತದೆ! ಮುನ್ನೂರ ಆರೂ ಒಟ್ಟಿಗೆ ಹೋಗುತ್ತವೆ. ಕಾರ್ಡುಗಳನ್ನೂ ಪಕ್ಕದಲ್ಲೇ ಇಡುತ್ತಾರೆ. ಶೆಲ್ಫಿನ ನಂಬರು ಹನ್ನೊಂದರಿಂದ ನಲವತ್ತೆಂಟು, ನೀವು ಇಟ್ಟ ಹಾಗೇ. ಬಂದವರೆಲ್ಲ ಹತ್ತೊಂಬತ್ತು ಎಲ್ಲಿ ಎಂದು ಕೇಳಲಿ, ಗೋಡೆ ತಟ್ಟಲಿ.

ಇದನ್ನು ಬರೆಯುವಾಗ ನನ್ನ ಮುಖದ ಸ್ನಾಯು ನೋಯುತ್ತಿದೆ. ಮೂರು ದಿನದಿಂದ ನಗುತ್ತಲೇ ಇದ್ದೇನೆ.

ನಿಮ್ಮ
ಇಲಿಮರಿ


ಜೂನ್ 12

ಇಲಿಮರಿಗೆ,

ನೀನು ಮರಳಿ ಲೈಬ್ರರಿಗೆ ಸೇರಿಕೊಂಡೆ ಎಂದು ತಿಳಿಯಿತು. ನಿನ್ನ ಓದುಗರು ಬದುಕಿಕೊಂಡರು.

ನಾನೀಗ ಟೈಲರ್ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ. ಅಕ್ಕನೂ ಬಂದಿದ್ದಾಳೆ. ನನ್ನನ್ನು ಒಬ್ಬನೇ ಬಿಟ್ಟರೆ ಮತ್ತೆ ಏಣಿ ಹತ್ತುತ್ತೇನಂತೆ. ಅವಳಿಗೆ ಟೈಲರ್ ಹೊಲಿಗೆ ಸರಿಬೀಳುವುದಿಲ್ಲ, ಅವರಿಗೆ ಅವಳ ಮಾತು ಸರಿಬೀಳುವುದಿಲ್ಲ. ಇಬ್ಬರೂ ಬೆಳಗ್ಗೆಯಿಂದ ಸಂಜೆಯವರೆಗೆ ಜೊತೆಯಲ್ಲೇ ಕುಳಿತು ಜಗಳವಾಡುತ್ತಾರೆ. ಎದುರು ನಮ್ಮ ಮನೆ ಕೆಡವಿದ್ದಾಯಿತು. ನೋಡಿದರೆ ಸಂಕಟವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅಲ್ಲಿದ್ದದ್ದೆಲ್ಲ ಈಗ ಬೇರೆ ಕಡೆ ಚೆನ್ನಾಗಿದೆಯಲ್ಲ.

ಮ್ಯೂಸಿಯಂ ಇಲ್ಲಿಂದ ಹದಿನೈದು ನಿಮಿಷದ ನಡಿಗೆ. ಹತ್ತು ಗಂಟೆಗೆ ಬಾಗಿಲು ತೆಗೆಯುವಾಗ ನಾನು ಮೆಟ್ಟಿಲ ಮೇಲಿರುತ್ತೇನೆ. ಒಳಗೆ ಕಾಫಿ ಬಿಡುವುದಿಲ್ಲ, ಮನೆಯಲ್ಲೇ ಕುಡಿದು ಹೋಗುತ್ತೇನೆ. ಕಾವಲಿನವರು ಮೂರನೇ ದಿನದಿಂದ ಒಂದು ಕುರ್ಚಿ ತಂದಿಡುತ್ತಿದ್ದಾರೆ. ನಿನ್ನೆ ಅವರ ಬಾಯಿ ಸ್ವಲ್ಪ ನೋಡಿದೆ. ಕೆಳಗಿನ ಬಲ ನಲವತ್ತಾರು ಹುಳುಕಾಗಿದೆ.

ಸಿಂಹದ ಪಕ್ಕದಲ್ಲಿ ಹಾಕಿದ ಫಲಕ ನೀನು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ಕೆತ್ತಿದವರ ಹೆಸರು ತಿಳಿದಿಲ್ಲ. ಮೊದಲ ರಿಪೇರಿ ಮಾಡಿದವರ ಹೆಸರು ತಿಳಿದಿಲ್ಲ. ಎರಡನೇ ರಿಪೇರಿ ಮಾಡಿದವರ ಹೆಸರು ತಿಳಿದಿಲ್ಲ. ಮೇಲಿನ ಎಡ ಕೋರೆಹಲ್ಲು ಮಾಡಿದವರು:" ಎಂದು ಬರೆದು ಕೆಳಗೆ ನಿನ್ನ ಚಿಕ್ಕಮ್ಮನ ಪೂರ್ತಿ ಹೆಸರು, ಅದರ ಮುಂದೆ "ಹಲ್ಲಿನ ಕುಶಲಕರ್ಮಿ". ಡಾಕ್ಟರರ ಹೆಂಡತಿ ಎಂದು ಹಾಕುತ್ತೇವೆ ಎಂದಿದ್ದರು. ಬೇಡ, ಅವಳ ಕಸುಬು ಹಾಕಿ ಎಂದೆ. ನನ್ನ ಹೆಸರು ಎಲ್ಲೋ ಬಾಗಿಲ ಹತ್ತಿರ ಸಣ್ಣಕ್ಷರದಲ್ಲಿದೆ. ಈ ಸಲವಾದರೂ ಹೊಗಳಿಕೆ ಸರಿಯಾದ ಕೋಣೆಗೆ ಹೋಯಿತು.

ನಾನು ಕುಳಿತು ಜನರನ್ನು ನೋಡುತ್ತೇನೆ. ಮುಖ ಗಂಟು ಹಾಕಿಕೊಂಡೇ ಬರುತ್ತಾರೆ. ಸಿಂಹದ ಮುಂದೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ತುಟಿ ಸಡಿಲವಾಗುತ್ತದೆ, ಹಲ್ಲು ಕಾಣಿಸುತ್ತದೆ, ಕೆಲವರು ತಮ್ಮ ಎಡ ಕೋರೆಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಳ್ಳುತ್ತಾರೆ. ನಲವತ್ತು ವರ್ಷ "ಬಾಯಿ ತೆಗೀರಿ, ಇನ್ನೂ ದೊಡ್ಡದಾಗಿ ತೆಗೀರಿ" ಎಂದು ನಾನು ಜನರನ್ನು ಗೋಗರೆದಿದ್ದೇನೆ. ಇವಳು ಒಂದು ಮಾತೂ ಆಡದೆ ತೆಗೆಸುತ್ತಾಳೆ.

ಮೇಡಂ ಕಾರ್ಡನ್ನು ಗಾಜಿನೊಳಗೆ ಇಡುವ ಮೊದಲು, ಸೇರಿಸುವುದು ಏನಾದರೂ ಇದೆಯೇ ಎಂದು ಕೇಳಿದರು. ಕೊನೆಯ ಸಾಲು ಅಷ್ಟು ವರ್ಷದಿಂದ ಖಾಲಿ ಬಿಟ್ಟಿದ್ದೆ. ಪೆನ್ನು ತೆಗೆದುಕೊಂಡು ತುಂಬಿದೆ.

"ಮುಂದಿನ ಭೇಟಿ: ನಾಳೆ, ಹತ್ತು ಗಂಟೆಗೆ."

ಚಿಕ್ಕಪ್ಪ